ಮುಖಕ್ಕೊಂದು ಬಣ್ಣ, ಕುತ್ತಿಗೆಗೊಂದು ಬಣ್ಣ



ಗಣೇಶೋತ್ಸವದ ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಇನ್ನು ಕೆಲವೇ ವಾರಗಳು ಉಳಿದಿವೆ. ನೃತ್ಯತಂಡಗಳ ಪೋಷಕರಿಗೆ ಹೋಗುವ ಸೂಚನಾಪತ್ರ ಹಲವರ ಕೈಸೇರಿದೆ. ಯಾವ ಬಣ್ಣದ ಸೀರೆ, ಜಡೆಗೆ ಎಂಥ ಕುಚ್ಚು, ಎಷ್ಟು ಗಂಟೆಗೆ ಬಂದು ಸೇರಬೇಕು ಎಂಬ ವಿವರಗಳ ನಡುವೆ, ಪ್ರತಿವರ್ಷದಂತೆ ಈ ವರ್ಷವೂ ಒಂದು ಸಾಲು ಇದೆ. ಮಕ್ಕಳ ಮೈಬಣ್ಣಕ್ಕಿಂತ ಒಂದೆರಡು ಛಾಯೆ ತಿಳಿಯಾದ ಫೌಂಡೇಶನ್ ತರಬೇಕು, ಬೇಸಿಗೆಯಲ್ಲಿ ಕಪ್ಪಾಗಿರುವ ಮಕ್ಕಳಿಗೆ ಇದು ಕಡ್ಡಾಯ ಎಂಬುದು ಅದರ ಒಕ್ಕಣೆ. ಆ ಸಾಲನ್ನು ತೆಗೆದುಹಾಕಬೇಕೆಂದು ಕೇಳುವುದಕ್ಕಾಗಿಯೇ ನಾವು ಈ ಲೇಖನವನ್ನು ಬರೆಯುತ್ತಿದ್ದೇವೆ.

ಕಾರ್ಯಕ್ರಮಗಳಲ್ಲಿ ಪ್ರಥಮ ಚಿಕಿತ್ಸೆಯ ಮೇಜಿನ ಬಳಿ ಕೂರುವ ಸ್ವಯಂಸೇವಕ ವೈದ್ಯರಿಗೆ ಅಲಂಕಾರದ ಗೊಡವೆ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಮೇಜು ಗ್ರೀನ್ ರೂಮಿನ ಬಾಗಿಲಿಗೆ ಅಂಟಿಕೊಂಡೇ ಇರುತ್ತದೆ. ಉಳುಕಿದ ಕಾಲು, ಊಟ ಬಿಟ್ಟು ಕುಣಿದುದರಿಂದ ಬಂದ ತಲೆಸುತ್ತು ಇವುಗಳ ಜೊತೆಗೆ ಉರಿಯುವ ಕೆನ್ನೆ, ನೀರು ಸುರಿಯುವ ಕಣ್ಣು, ತುರಿಕೆಯೆದ್ದ ಹಣೆಗಳೂ ನಮ್ಮಲ್ಲಿಗೆ ಬರುತ್ತವೆ. ಅವುಗಳ ಹಿಂದೆಯೇ ಒಂದು ಬೇಡಿಕೆಯೂ ಬರುತ್ತದೆ: “ಡಾಕ್ಟ್ರೇ, ಫಂಕ್ಷನ್ ಒಳಗೆ ಇವಳ ಟ್ಯಾನ್ ಹೋಗೋ ಹಾಗೆ ಏನಾದ್ರೂ ಬರೆದುಕೊಡಿ.” ಆ ಮಾತು ನಡೆಯುವಾಗ ಮಗು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿರುತ್ತದೆ ಎಂಬುದನ್ನು ಹಿರಿಯರು ಗಮನಿಸುವುದು ಕಡಿಮೆ.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು. ನಾವು ಅಲಂಕಾರದ ವಿರೋಧಿಗಳಲ್ಲ. ಹಬ್ಬದ ದಿನ ಮುಖಕ್ಕೆ ಬಣ್ಣ, ತುಟಿಗೆ ರಂಗು, ಕಣ್ಣಿಗೆ ಕಾಡಿಗೆ ಹಚ್ಚಿಕೊಳ್ಳುವುದು ಸಂತೋಷದ ಸಂಗತಿ. ಪ್ರಖರವಾದ ರಂಗದ ಬೆಳಕಿನಲ್ಲಿ ಕಣ್ಣು, ಹುಬ್ಬು, ತುಟಿಗಳು ಮಸುಕಾಗಿ ಕಾಣುವುದರಿಂದ ಅವನ್ನು ತಿದ್ದಿ ತೋರಿಸುವುದು ಅಗತ್ಯವೂ ಹೌದು. ನಮ್ಮ ತಕರಾರು ಇರುವುದು ಒಂದೇ ನಂಬಿಕೆಯೊಡನೆ. ಬಿಸಿಲಿನಲ್ಲಿ ಆಡಿಬಂದ ಚರ್ಮ ಒಂದು ಕಲೆ, ಅಲಂಕಾರವೆಂದರೆ ಆ ಕಲೆಯನ್ನು ಮುಚ್ಚುವುದು ಎಂಬ ನಂಬಿಕೆ ಅದು. ಅಲಂಕಾರದ ಲೆಕ್ಕದಲ್ಲಿಯೂ ವೈದ್ಯಕೀಯದ ಲೆಕ್ಕದಲ್ಲಿಯೂ ಅದು ತಪ್ಪು.

ಅಲಂಕಾರದ ಲೆಕ್ಕವನ್ನೇ ಮೊದಲು ನೋಡೋಣ. ಕಂದು ಚರ್ಮದ ಮೇಲೆ ತಿಳಿಗುಲಾಬಿ ಬಣ್ಣದ ಪದರ ಬಳಿದರೆ ಮುಖ ಬೆಳ್ಳಗಾಗುವುದಿಲ್ಲ, ಬೂದಿ ಬಳಿದಂತಾಗುತ್ತದೆ. ಇದಕ್ಕೆ ಸರಳವಾದ ಕಾರಣವಿದೆ. ಫೌಂಡೇಶನ್ನಿನ ಬಣ್ಣ ಹುಟ್ಟುವುದು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ ಮತ್ತು ಕೆಂಪು, ಹಳದಿ, ಕಪ್ಪು ಬಣ್ಣದ ಐರನ್ ಆಕ್ಸೈಡುಗಳ ಮಿಶ್ರಣದಿಂದ. ಛಾಯೆ ತಿಳಿಯಾದಷ್ಟೂ ಬಿಳಿ ಪುಡಿಯ ಪಾಲು ಹೆಚ್ಚು. ಆ ಬಿಳಿಯ ಅಡಿಯಿಂದ ಚರ್ಮದ ಕಂದು ಇಣುಕಿದಾಗ ಎರಡೂ ಕೂಡಿ ಬೂದುಬಣ್ಣವಾಗುತ್ತದೆ. ಅದನ್ನು ಮುಚ್ಚಲು ಇನ್ನೊಂದು ಪದರ, ಅದರ ಮೇಲೆ ಬಿಳಿ ಪೌಡರು. ಆಗಸ್ಟ್ ತಿಂಗಳ ಸೆಕೆಯಲ್ಲಿ ಅರ್ಧ ಗಂಟೆಯೊಳಗೆ ಬೆವರು ಇದೆಲ್ಲವನ್ನೂ ಸೀಳಿಕೊಂಡು ಹರಿಯುತ್ತದೆ.

ಛಾಯಾಚಿತ್ರದ ಕಥೆ ಇದಕ್ಕಿಂತ ದಾರುಣ. ಟೈಟಾನಿಯಂ, ಜಿಂಕ್ ಮತ್ತು ಸಿಲಿಕಾ ಪುಡಿಗಳು ಕ್ಯಾಮೆರಾದ ಫ್ಲಾಶ್ ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಎಸೆಯುತ್ತವೆ. ಹಳೆಯ ಸ್ಮರಣ ಸಂಚಿಕೆಗಳನ್ನು ತೆರೆದು ನೋಡಿ. ಸಾಲಾಗಿ ನಿಂತ ಪುಟ್ಟ ಗೋಪಿಕೆಯರ ಮುಖಗಳು ಸುಣ್ಣದ ಗೋಡೆಯಂತಿವೆ. ಕಿವಿ, ಕುತ್ತಿಗೆ, ತೋಳುಗಳು ಮಾತ್ರ ಅವರವರದೇ. ನಡುವೆ ನಿಂತ ಕೃಷ್ಣನಿಗೂ ಅದೇ ಗತಿ. ಕಪ್ಪಿನವನೆಂಬ ಅರ್ಥವನ್ನೇ ಹೆಸರಾಗಿ ಹೊತ್ತ ದೇವರಿಗೆ ತಿಳಿಗುಲಾಬಿ ಬಳಿಯುವ ಧೈರ್ಯ ನಮ್ಮವರಿಗೆ ಎಲ್ಲಿಂದ ಬಂತೋ! ಯಕ್ಷಗಾನದ ಬಣ್ಣದ ವೇಷವನ್ನು ಇಲ್ಲಿ ನೆನೆಯಬೇಕು. ಅಕ್ಕಿಹಿಟ್ಟಿನ ಚುಟ್ಟಿಯಿಟ್ಟು, ಕೆಂಪು ಕಪ್ಪು ಬರೆದು ಕಲಾವಿದ ರಾಕ್ಷಸನಾಗುತ್ತಾನೆ. ಆ ಬಣ್ಣ ತಾನು ವೇಷವೆಂದು ಸಾರಿ ಹೇಳುತ್ತದೆ. ನಮ್ಮ ಗ್ರೀನ್ ರೂಮಿನ ಫೌಂಡೇಶನ್ನಾದರೋ ತಾನು ಚರ್ಮವೆಂದು ಸುಳ್ಳು ಹೇಳುತ್ತದೆ.

ಈ ಮನೋಭಾವ ನಮ್ಮ ಮಾತಿನಲ್ಲೇ ಬೇರೂರಿದೆ. ಕನ್ನಡದಲ್ಲಿ ‘ಕಂದು’ ನಾಮಪದವಾದಾಗ ಒಂದು ಬಣ್ಣ. ಕ್ರಿಯಾಪದವಾದಾಗ ಬಾಡುವುದು, ಕಳೆಗುಂದುವುದು. ಬಿಸಿಲಿಗೆ ಮುಖ ಕಂದಿದೆ ಎನ್ನುವಾಗ ಎರಡೂ ಅರ್ಥಗಳು ಬೆಸೆದುಕೊಂಡು, ಕಂದಾಗುವುದೆಂದರೆ ಬಾಡುವುದೇ ಎಂಬಂತಾಗುತ್ತದೆ. ಬೇಸಿಗೆಯಲ್ಲಿ ಊರಿನಿಂದ ಬಂದಿಳಿದ ಅಜ್ಜಿ ವಿಮಾನ ನಿಲ್ದಾಣದಲ್ಲೇ ಮೊಮ್ಮಗಳ ಗಲ್ಲ ಹಿಡಿದು “ಅಯ್ಯೋ, ಎಷ್ಟು ಕಪ್ಪಾಗಿ ಹೋಗಿದ್ದೀಯೇ ಪುಟ್ಟೀ!” ಎಂದಾಗ ಅದರಲ್ಲಿ ಪ್ರೀತಿಯೇ ತುಂಬಿರುತ್ತದೆ, ನಿಜ. ಆದರೆ ‘ಆಗಿದ್ದೀಯ’ ಎನ್ನದೆ ‘ಆಗಿ ಹೋಗಿದ್ದೀಯ’ ಎನ್ನುವಲ್ಲಿ ಏನೋ ನಷ್ಟವಾಯಿತೆಂಬ ಮರುಕವೂ ಇದೆ. ಇದೇ ಭಾಷೆಯಲ್ಲಿ ಎಣ್ಣೆಗೆಂಪು, ನಸುಗಪ್ಪು, ಶ್ಯಾಮಲ ಎಂಬ ಪದಗಳೂ ಇವೆ. ಇವುಗಳಲ್ಲಿ ಒಂದೂ ಬೈಗುಳವಲ್ಲ. ದ್ರೌಪದಿಗೆ ಕೃಷ್ಣೆ ಎಂಬ ಹೆಸರು ಬಂದದ್ದು ಮೈಬಣ್ಣದಿಂದಲೇ. ಪತ್ರಿಕೆಗಳಲ್ಲಿ ಕಾಣೆಯಾದವರ ಪ್ರಕಟಣೆಯ ಒಕ್ಕಣೆ 2016ರಲ್ಲಿ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಎಂಬ ಚಲನಚಿತ್ರದ ಹೆಸರೇ ಆಯಿತು. ಕಳೆದುಹೋದವರನ್ನು ಹುಡುಕುವಾಗ ನಾವು ಮೈಬಣ್ಣವನ್ನು ಇದ್ದಂತೆಯೇ ಹೇಳುತ್ತೇವೆ. ವೇದಿಕೆ ಹತ್ತಿಸುವಾಗ ಮಾತ್ರ ನಮಗೆ ಬೇರೆ ಬಣ್ಣ ಬೇಕು.

ಕಂದುಬಣ್ಣಕ್ಕೆ ಹೊಂದುವ ಛಾಯೆಗಳು ಸಿಗುವುದಿಲ್ಲವೆಂಬ ನೆಪ ಒಂದು ಕಾಲಕ್ಕೆ ನಿಜವಾಗಿತ್ತು. ಈ ದೇಶದಲ್ಲಿ ಕ್ರೇಯೋಲಾ ಕಂಪನಿಯ ಬಣ್ಣದ ಪೆಟ್ಟಿಗೆಯಲ್ಲಿ ‘ಫ್ಲೆಶ್’, ಅಂದರೆ ಮೈಬಣ್ಣ, ಎಂಬ ಹೆಸರಿನ ಕಡ್ಡಿಯೊಂದಿತ್ತು. ಅದು ಯಾರ ಮೈಯ ಬಣ್ಣ ಎಂಬ ಪ್ರಶ್ನೆ ಎದ್ದಮೇಲೆ 1962ರಲ್ಲಿ ಅದರ ಹೆಸರು ‘ಪೀಚ್’ ಎಂದಾಯಿತು. ಪ್ರಸಾಧನದ ಅಂಗಡಿಗಳು ಇನ್ನೂ ಬಹುಕಾಲ ಅದೇ ಪೀಚನ್ನೇ ಮಾರಿದವು. ಇಲ್ಲಿಗೆ ಮೊದಲು ಬಂದ ನಮ್ಮ ಹಿರಿಯ ಅಕ್ಕಂದಿರು ಸಿಕ್ಕಿದ್ದನ್ನೇ ಹಚ್ಚಿಕೊಂಡರು. 2017ರಲ್ಲಿ ಫೆಂಟಿ ಬ್ಯೂಟಿ ಒಮ್ಮೆಗೇ 40 ಛಾಯೆಗಳೊಂದಿಗೆ ಮಾರುಕಟ್ಟೆಗೆ ಬಂದಮೇಲೆ ಉಳಿದ ಕಂಪನಿಗಳೂ ಅನಿವಾರ್ಯವಾಗಿ ತಮ್ಮ ಸಾಲನ್ನು ಉದ್ದ ಮಾಡಿದವು. ಇಂದು ಮನೆಯ ಹತ್ತಿರದ ಔಷಧದ ಅಂಗಡಿಯಲ್ಲೂ ಎಣ್ಣೆಗೆಂಪಿಗೆ, ಕಡುಗಂದಿಗೆ ಹೊಂದುವ ಬಾಟಲಿಗಳಿವೆ. ಇನ್ನು 1975ರಲ್ಲಿ ಭಾರತದಲ್ಲಿ ಹುಟ್ಟಿದ ‘ಫೇರ್ ಅಂಡ್ ಲವ್ಲಿ’ ಕೂಡ 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಎಂಬುದನ್ನು ಕೈಬಿಟ್ಟಿತು. ನಮ್ಮ ಸೂಚನಾಪತ್ರ ಮಾತ್ರ ಇನ್ನೂ ಬಿಟ್ಟಿಲ್ಲ.

ಟ್ಯಾನ್ ಎಂದರೇನು ಎಂಬುದನ್ನೂ ಇಲ್ಲಿ ಹೇಳಬೇಕು. ಅದನ್ನು ಕೊಳೆಯೆಂದು ಭಾವಿಸಿ ಕಡಲೆಹಿಟ್ಟು, ನಿಂಬೆರಸ ಹಾಕಿ ಉಜ್ಜುವವರು ಅನೇಕರಿದ್ದಾರೆ. ಚರ್ಮದ ಮೇಲ್ಪದರದ ಬುಡದಲ್ಲಿ ಮೆಲನೋಸೈಟ್ ಎಂಬ ಕೋಶಗಳಿವೆ. ಅವು ಮೆಲನಿನ್ ಎಂಬ ವರ್ಣದ್ರವ್ಯವನ್ನು ತಯಾರಿಸಿ ಸುತ್ತಲಿನ ಕೋಶಗಳಿಗೆ ಹಂಚುತ್ತವೆ. ಪಡೆದ ಕೋಶ ಅದನ್ನು ತನ್ನ ಕೇಂದ್ರದ ಮೇಲೆ, ಡಿಎನ್‌ಎ ಇರುವ ಜಾಗದ ಮೇಲೆ, ಕೊಡೆಯಂತೆ ಹಿಡಿದು ಕೂರುತ್ತದೆ. ಬಿಸಿಲಿನ ಅತಿನೇರಳೆ ಕಿರಣ ಆ ಡಿಎನ್‌ಎಗೆ ಪೆಟ್ಟು ಕೊಟ್ಟಾಗ ದೇಹ ಇನ್ನಷ್ಟು ಕೊಡೆಗಳನ್ನು ಬಿಚ್ಚುತ್ತದೆ. ಬಿಸಿಲಿಗೆ ಹೋದ ದಿನವೇ ಕಾಣುವ ಕಪ್ಪು, ಇದ್ದ ಮೆಲನಿನ್ನೇ ಗಾಢವಾದದ್ದು; ಎರಡು ಮೂರು ದಿನಗಳ ತರುವಾಯ ಬರುವುದು ಹೊಸದಾಗಿ ತಯಾರಾದದ್ದು. ಮೇಲ್ಪದರ ಕಳಚಿ ಹೊಸದಾಗಲು ಸುಮಾರು ನಾಲ್ಕು ವಾರ ಬೇಕು, ವಯಸ್ಸಾದಂತೆ ಇನ್ನೂ ಹೆಚ್ಚು. ಕೆಲವು ವಾರಗಳಿಂದ ಕೆಲವು ತಿಂಗಳುಗಳಲ್ಲಿ ಬಣ್ಣ ತಾನಾಗಿಯೇ ಇಳಿಯುತ್ತದೆ. ಉಜ್ಜುವುದರಿಂದ ಅದು ಬೇಗ ಇಳಿಯುವುದಿಲ್ಲ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರಂತೂ ಚರ್ಮ ಸುಟ್ಟು ಬೊಬ್ಬೆಯೇಳಬಹುದು, ಆ ಜಾಗದ ಕಪ್ಪು ತಿಂಗಳುಗಟ್ಟಲೆ ನಿಲ್ಲಬಹುದು.

ಹಾಗೆಂದು ಬಿಸಿಲು ನಿರಪಾಯಕಾರಿಯೆಂದು ನಾವು ಹೇಳುತ್ತಿಲ್ಲ. ಕಂದು ಚರ್ಮಕ್ಕೆ ಹುಟ್ಟಿನಿಂದ ಬಂದ ರಕ್ಷಣೆ ಇದೆ, ಆದರೆ ಅದು ಪೂರ್ಣವಲ್ಲ. ನಮ್ಮವರ ಚರ್ಮವೂ ಸುಡುತ್ತದೆ, ಬೇಗ ಸುಕ್ಕುತ್ತದೆ. ಬಂಗು ಬಂದವರಿಗೆ ಬಂಗು ಹೆಚ್ಚುತ್ತದೆ. ಚರ್ಮದ ಕ್ಯಾನ್ಸರ್ ನಮ್ಮಲ್ಲಿ ವಿರಳವಾದರೂ, ವಿರಳವೆಂಬ ಭರವಸೆಯಿಂದಲೇ ತಡವಾಗಿ ಪತ್ತೆಯಾಗುತ್ತದೆ. ಆದ್ದರಿಂದ ಸನ್‌ಸ್ಕ್ರೀನ್ ಹಚ್ಚಬೇಕು. ಬೆಳ್ಳಗಿರಲೆಂದು ಹಚ್ಚುವುದಲ್ಲ, ಆರೋಗ್ಯವಾಗಿರಲೆಂದು. ಎಸ್‌ಪಿಎಫ್ 30 ಇರುವ ಸನ್‌ಸ್ಕ್ರೀನ್ ಸರಿಯಾದ ಪ್ರಮಾಣದಲ್ಲಿ ಹಚ್ಚಿದರೆ ಯುವಿಬಿ ಕಿರಣಗಳ ಸುಮಾರು 97 ಪ್ರತಿಶತವನ್ನು ತಡೆಯುತ್ತದೆ. ಸರಿಯಾದ ಪ್ರಮಾಣವೆಂದರೆ ಮುಖ ಮತ್ತು ಕುತ್ತಿಗೆಗೆ ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಎಳೆದ ಎರಡು ಗೆರೆಗಳಷ್ಟು. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಫೌಂಡೇಶನ್ನಿನ ಬಾಟಲಿಯ ಮೇಲೆ ಎಸ್‌ಪಿಎಫ್ ಎಂದು ಅಚ್ಚಾಗಿದೆಯೆಂದು ಸನ್‌ಸ್ಕ್ರೀನ್ ಬಿಡುವವರಿದ್ದಾರೆ. ಅಷ್ಟು ಫೌಂಡೇಶನ್ನನ್ನು ಯಾರೂ ಹಚ್ಚುವುದಿಲ್ಲ, ಹಚ್ಚಿದರೆ ನೋಡಲಾಗುವುದೂ ಇಲ್ಲ.

ಸನ್‌ಸ್ಕ್ರೀನ್ ಹಚ್ಚಿದರೆ ಮುಖ ಬೆಳ್ಳಗೆ ಬಿಳಿಚಿಕೊಳ್ಳುತ್ತದೆ ಎಂಬ ದೂರಿಗೆ ಪರಿಹಾರವಿದೆ. ಐರನ್ ಆಕ್ಸೈಡ್ ಬೆರೆತ ಬಣ್ಣದ ಸನ್‌ಸ್ಕ್ರೀನುಗಳು, ‘ಟಿಂಟೆಡ್’ ಎಂದು ಹಣೆಪಟ್ಟಿ ಇರುವಂಥವು, ಕಂದು ಚರ್ಮದಲ್ಲಿ ಬೆರೆತುಹೋಗುತ್ತವೆ. ನಮ್ಮಂಥ ಚರ್ಮಕ್ಕೆ ಇವುಗಳಿಂದ ಇನ್ನೊಂದು ಲಾಭವೂ ಇದೆ. ಕಣ್ಣಿಗೆ ಕಾಣುವ ಸಾಧಾರಣ ಬೆಳಕೂ ಕಂದು ಚರ್ಮವನ್ನು ಕಪ್ಪಾಗಿಸಬಲ್ಲದು, ಬಂಗನ್ನು ಹೆಚ್ಚಿಸಬಲ್ಲದು. ಬಣ್ಣವಿಲ್ಲದ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯುವುದಿಲ್ಲ, ಐರನ್ ಆಕ್ಸೈಡ್ ತಡೆಯುತ್ತದೆ. ಬಂಗು ಇರುವ ಹೆಂಗಸರಿಗೆ ಚರ್ಮರೋಗ ತಜ್ಞರು ಇದನ್ನೇ ಸೂಚಿಸುತ್ತಾರೆ. ಬೇಸಿಗೆಯ ಅಲಂಕಾರದಲ್ಲಿ ಒಂದೇ ಒಂದು ವಸ್ತು ಕೊಳ್ಳುವುದಾದರೆ ಯಾವುದೆಂದು ಯಾರಾದರೂ ಕೇಳಿದರೆ ನಮ್ಮ ಉತ್ತರ ಇದೇ. ಅನೇಕರಿಗೆ ಇದರ ಮೇಲೆ ಫೌಂಡೇಶನ್ನೇ ಬೇಕಾಗದು. ಕಣ್ಣಿನ ಕೆಳಗೆ, ಮೊಡವೆಯ ಗುರುತಿನ ಮೇಲೆ ತುಸು ಕನ್ಸೀಲರ್ ಸಾಕು.

ಫೌಂಡೇಶನ್ ಬೇಕೆನ್ನುವವರು ಬೇಸಿಗೆಯ ಚರ್ಮಕ್ಕೆ ಬೇಸಿಗೆಯದೇ ಬಾಟಲಿ ಕೊಳ್ಳಲಿ. ಜನವರಿಯಲ್ಲಿ ಹೊಂದಿದ್ದ ಛಾಯೆ ಜುಲೈಯಲ್ಲಿ ಹೊಂದದು. ಚಳಿಗಾಲದ ಬಾಟಲಿಯನ್ನು ಎಸೆಯಬೇಕಿಲ್ಲ. ಒಂದೆರಡು ಛಾಯೆ ಗಾಢವಾದ ಇನ್ನೊಂದನ್ನು ಕೊಂಡು ಅಂಗೈಯಲ್ಲಿ ಬೆರೆಸಿಕೊಂಡರೆ ವರ್ಷವಿಡೀ ನಡೆಯುತ್ತದೆ. ಮಣಿಕಟ್ಟಿನ ಒಳಮೈ ಬಿಸಿಲು ಕಾಣದ ಜಾಗ, ಅಲ್ಲಿ ಪರೀಕ್ಷಿಸಿ ಪ್ರಯೋಜನವಿಲ್ಲ. ದವಡೆಯ ಅಂಚಿನಲ್ಲಿ, ಮುಖವೂ ಕುತ್ತಿಗೆಯೂ ಕೂಡುವಲ್ಲಿ, ಮೂರು ಛಾಯೆಗಳ ಗೆರೆಗಳನ್ನು ಎಳೆದುಕೊಳ್ಳಿ. ಅಂಗಡಿಯ ದೀಪಗಳನ್ನು ನಂಬದೆ ಹೊರಗೆ ಪಾರ್ಕಿಂಗ್ ಲಾಟಿಗೆ ಬಂದು, ಹತ್ತು ನಿಮಿಷ ಬಿಟ್ಟು, ಹಗಲ ಬೆಳಕಿನಲ್ಲಿ ಕೈಗನ್ನಡಿ ನೋಡಿಕೊಳ್ಳಿ. ಹತ್ತು ನಿಮಿಷ ಏಕೆಂದರೆ ಕೆಲವು ಫೌಂಡೇಶನ್ನುಗಳು ಗಾಳಿಗೂ ಚರ್ಮದ ಎಣ್ಣೆಗೂ ತಾಗಿ ಸ್ವಲ್ಪ ಗಾಢವಾಗುತ್ತವೆ. ಯಾವ ಗೆರೆ ಕಣ್ಮರೆಯಾಯಿತೋ ಅದೇ ನಿಮ್ಮದು. ಬೇಸಿಗೆಯಲ್ಲಿ ಹಲವರ ಮುಖ ಕುತ್ತಿಗೆಗಿಂತ ಗಾಢವಾಗಿರುತ್ತದೆ. ಆಗ ಮುಖವನ್ನು ತಿಳಿಮಾಡಲು ಹೋಗಬಾರದು. ದವಡೆಗೆ ಹೊಂದುವುದನ್ನು ತೆಳುವಾಗಿ ಹಚ್ಚಿ, ಕಿವಿ ಕುತ್ತಿಗೆಗಳಿಗೂ ಸವರಿ, ಗಡಿ ಅಳಿಸಿಬಿಡಬೇಕು. ಸೀರೆ ಉಡುವವರ ಬೆನ್ನು ತೋಳುಗಳೂ ಎದ್ದು ಕಾಣುವುದರಿಂದ ಅವರಿಗೆ ಇದು ಇನ್ನೂ ಮುಖ್ಯ.

ಬಿಸಿಲುಂಡ ನಮ್ಮ ಚರ್ಮದ ಒಳಛಾಯೆ ಸಾಮಾನ್ಯವಾಗಿ ಹೊನ್ನು, ಹಳದಿ ಅಥವಾ ಕೆಂಪಿನ ಕಡೆಗಿರುತ್ತದೆ. ತಿಳಿಗುಲಾಬಿಯ ಮೂಲಬಣ್ಣ ಅಲ್ಲಿ ನಿಲ್ಲುವುದಿಲ್ಲ. ಕೆನ್ನೆಗೆ ಹಸುಗೂಸಿನ ಉಡುಪಿನಂಥ ಗುಲಾಬಿ ಹಚ್ಚಿದರೆ ಸೀಮೆಸುಣ್ಣ ಮೆತ್ತಿದಂತೆ ಕಾಣುತ್ತದೆ. ಇಟ್ಟಿಗೆ ಕೆಂಪು, ಮಡಕೆಯ ಕೆಂಪು, ದಾಳಿಂಬೆಯ ಕೆಂಪು ಇವು ಒಳಗಿನಿಂದಲೇ ರಕ್ತ ಏರಿಬಂದಂತೆ ಕಾಣುತ್ತವೆ. ತುಟಿಗೆ ನೇರಳೆ ಹಣ್ಣು, ಕುಂಕುಮ, ಬೆಲ್ಲದ ಬಣ್ಣ. ಕಣ್ಣರೆಪ್ಪೆಗೆ ತಾಮ್ರ, ಹಳೆಯ ಚಿನ್ನ. ತಿಳಿಚರ್ಮದವರು ಹಚ್ಚಿಕೊಂಡರೆ ಜಾತ್ರೆಯಾಗಿಬಿಡುವ ಬಣ್ಣಗಳನ್ನು ಕಂದುಚರ್ಮ ನಿರಾಯಾಸವಾಗಿ ಹೊತ್ತು ನಿಲ್ಲುತ್ತದೆ. ಈ ಸಿರಿಯನ್ನು ಮುಚ್ಚಿಟ್ಟು ಮಂಕುಗುಲಾಬಿಗೆ ಹಾತೊರೆಯುವುದು ನಮಗೆ ಅರ್ಥವಾಗದ ಸಂಗತಿ. ಪೌಡರು ಬಿಳಿಯದ್ದಲ್ಲದೆ ಚರ್ಮದ ಬಣ್ಣದ್ದೇ ಇರಲಿ. ಬೆವರಿದಾಗ ಅದರ ಮೇಲೆ ಮತ್ತೆ ಪೌಡರು ಸುರಿಯದೆ ಟಿಶ್ಯೂ ಕಾಗದದಿಂದ ಒತ್ತಿ ತೆಗೆಯಿರಿ. ಊರಿನಿಂದ ಬಂದ ಸುರ್ಮಾ ಡಬ್ಬಿಗಳನ್ನು ಮಾತ್ರ ಮಕ್ಕಳ ಕಣ್ಣಿಗೆ ಬಳಸಬೇಡಿ. ಅವುಗಳಲ್ಲಿ ಹಲವು ಸೀಸದ ಪುಡಿಯೇ ಆಗಿರುತ್ತವೆ.

ಕುತ್ತಿಗೆಯ ಮಾತು ಬಂದುದರಿಂದ ವೈದ್ಯರಾಗಿ ನಾವು ಹೇಳಲೇಬೇಕಾದ ವಿಷಯವೊಂದಿದೆ. ಟ್ಯಾನ್ ಎಂದು ತೋರಿಸಲು ಕರೆತಂದ ಮಕ್ಕಳಲ್ಲಿ ಕೆಲವರ ಕುತ್ತಿಗೆಯ ಹಿಂಭಾಗ ಬಿಸಿಲಿಗೆ ಕಪ್ಪಾದದ್ದಾಗಿರುವುದಿಲ್ಲ. ಅಲ್ಲಿ ಚರ್ಮ ದಪ್ಪಗಾಗಿ, ಮಖಮಲ್ಲಿನಂತೆ ಮಡಿಕೆಮಡಿಕೆಯಾಗಿರುತ್ತದೆ. ಬಿಸಿಲು ತಾಕದ ಕಂಕುಳಿನಲ್ಲೂ ಹಾಗೆಯೇ ಇರುತ್ತದೆ. ಇದಕ್ಕೆ ಅಕಾಂತೋಸಿಸ್ ನೈಗ್ರಿಕಾನ್ಸ್ ಎಂದು ಹೆಸರು. ಬಹುಪಾಲು ಸಂದರ್ಭಗಳಲ್ಲಿ ದೇಹ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸುತ್ತಿಲ್ಲ ಎಂಬುದರ ಕುರುಹು ಅದು. ಮುಂದೆ ಬರಬಹುದಾದ ಸಕ್ಕರೆ ಕಾಯಿಲೆಯ ಮುನ್ಸೂಚನೆ. ದಕ್ಷಿಣ ಏಷ್ಯಾದವರಾದ ನಮಗೆ ಆ ಕಾಯಿಲೆ ಕಡಿಮೆ ತೂಕದಲ್ಲೇ, ಚಿಕ್ಕ ವಯಸ್ಸಿನಲ್ಲೇ ಬರುತ್ತದೆಂಬುದು ಎಲ್ಲರಿಗೂ ತಿಳಿದದ್ದು. ಇಂಥ ಕುತ್ತಿಗೆಯನ್ನು ಸ್ನಾನದಲ್ಲಿ ಉಜ್ಜಿ ಉಜ್ಜಿ ಕೆಂಪು ಮಾಡಿದ, ‘ಕುತ್ತಿಗೆ ತೊಳ್ಕೋ’ ಎಂದು ಎಲ್ಲರೆದುರಿಗೆ ಗದರಿದ, ಕೊನೆಗೆ ಕಾರ್ಯಕ್ರಮದ ದಿನ ಫೌಂಡೇಶನ್ ಮೆತ್ತಿ ಮುಚ್ಚಿದ ತಾಯ್ತಂದೆಯರನ್ನು ನಾವು ಕಂಡಿದ್ದೇವೆ. ಮುಚ್ಚಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ, ರಕ್ತದಲ್ಲಿ ಎಚ್‌ಬಿಎ1ಸಿ ನೋಡಿಸಿ. ಆಟ, ಊಟ, ನಿದ್ದೆಗಳು ಸರಿಹೋದರೆ ಆ ಕಪ್ಪು ಬಹಳಷ್ಟು ಮಟ್ಟಿಗೆ ಇಳಿಯುತ್ತದೆ, ಕಾಯಿಲೆಯೂ ದೂರವಾಗುತ್ತದೆ. ಬಣ್ಣದ ವ್ಯಾಮೋಹ ಎಷ್ಟು ಕುರುಡೆಂದರೆ, ದೇಹ ಕೈಬೀಸಿ ಕರೆಯುತ್ತಿರುವಾಗ ನಾವು ಆ ಕೈಗೆ ಪೌಡರು ಹಚ್ಚುತ್ತೇವೆ.

ಬಳಿಯುವುದಷ್ಟಕ್ಕೇ ನಿಂತಿದ್ದರೆ ನಮ್ಮ ದನಿ ಇಷ್ಟು ಏರುತ್ತಿರಲಿಲ್ಲ. ಮೇಲೆ ಬಳಿದದ್ದು ಸಾಲದೆಂದಾಗ ‘ಡಿ-ಟ್ಯಾನ್’ ಆರಂಭವಾಗುತ್ತದೆ. ಪಾರ್ಲರಿನಲ್ಲಿ ಆ ಹೆಸರಿನಿಂದ ಹಚ್ಚುವುದು ಎಷ್ಟೋ ಸಲ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಅಮೋನಿಯಾ ಇರುವ ಬ್ಲೀಚು. ಅದು ಮುಖದ ಮೇಲಿನ ಸಣ್ಣ ಕೂದಲನ್ನು ಹೊಂಬಣ್ಣ ಮಾಡುವುದರಿಂದ ಮುಖ ತಿಳಿಯಾದ ಭ್ರಮೆಯಾಗುತ್ತದೆ. ಚರ್ಮ ಕೆರಳಿದರೆ, ಕಂದು ಚರ್ಮದ ಸ್ವಭಾವದಂತೆ, ಉರಿಯೆದ್ದ ಜಾಗದಲ್ಲೇ ಇನ್ನಷ್ಟು ಗಾಢವಾದ ಕಲೆ ಉಳಿಯುತ್ತದೆ. ಟ್ಯಾನ್ ಎರಡು ತಿಂಗಳಲ್ಲಿ ಹೋಗುತ್ತಿತ್ತು. ಈ ಕಲೆ ವರ್ಷ ಕಾಯಿಸುತ್ತದೆ.

ಇದಕ್ಕಿಂತ ಭಯಂಕರವಾದದ್ದು ಸೂಟ್‌ಕೇಸಿನಲ್ಲಿ ಬರುವ ಟ್ಯೂಬು. ಹಪ್ಪಳ, ಸಂಡಿಗೆ, ಚಟ್ನಿಪುಡಿಗಳ ನಡುವೆ ಊರಿನ ಔಷಧದ ಅಂಗಡಿಯ ‘ಬೆಳ್ಳಗಾಗುವ ಕ್ರೀಮು’ ಬಂದಿಳಿಯುತ್ತದೆ. ಅವುಗಳಲ್ಲಿ ಹಲವಲ್ಲಿ ಇರುವುದು ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಮೊಮೆಟಾಸೋನ್‌ನಂಥ ಸ್ಟೀರಾಯ್ಡ್ ಮೂರರ ಮಿಶ್ರಣ. ಕೆಲವರು ಬರೀ ಬೆಟಾಮೆಥಾಸೋನ್ ಅಥವಾ ಕ್ಲೊಬೆಟಾಸಾಲ್ ಟ್ಯೂಬನ್ನೇ ಮುಖಕ್ಕೆ ಹಚ್ಚುತ್ತಾರೆ. ಇವೆಲ್ಲ ವೈದ್ಯರ ಕಣ್ಗಾವಲಿನಲ್ಲಿ, ಗೊತ್ತಾದ ಕಾಯಿಲೆಗೆ, ಗೊತ್ತಾದ ವಾರಗಳ ಕಾಲ ಬಳಸುವ ಔಷಧಗಳು. ಸುಮ್ಮನೆ ಹಚ್ಚಿಕೊಂಡವರಿಗೆ ಮೊದಲ ಮೂರು ವಾರ ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ ರಕ್ತನಾಳಗಳು ಕಾಣತೊಡಗುತ್ತವೆ, ಮೊಡವೆ ಏಳುತ್ತದೆ, ಬೇಡದ ಕಡೆ ಕೂದಲು ಬೆಳೆಯುತ್ತದೆ. ಬಿಟ್ಟರೆ ಉರಿ, ಹಚ್ಚಿದರೆ ಶಮನ. ಹೀಗೆ ಚರ್ಮ ಅದರ ದಾಸನಾಗುತ್ತದೆ. ಭಾರತದ ಚರ್ಮರೋಗ ತಜ್ಞರು ವರ್ಷಗಟ್ಟಲೆ ಕೂಗಿದ ಮೇಲೆ 2018ರಲ್ಲಿ ಅಲ್ಲಿನ ಸರ್ಕಾರ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಅಮೆರಿಕದಲ್ಲಿ 2020ರಿಂದ ಹೈಡ್ರೋಕ್ವಿನೋನ್ ಕೂಡ ಚೀಟಿಯಿಲ್ಲದೆ ಮಾರುವಂತಿಲ್ಲ. ಎರಡೂ ದೇಶಗಳ ಕಾನೂನನ್ನು ನಮ್ಮ ಸೂಟ್‌ಕೇಸು ಒಟ್ಟಿಗೇ ದಾಟುತ್ತದೆ.

ಹೆಸರು ವಿಳಾಸವಿಲ್ಲದ ಕ್ರೀಮುಗಳಲ್ಲಿ ಪಾದರಸವೂ ಇರುತ್ತದೆ. ಹಣೆಪಟ್ಟಿಯಲ್ಲಿ ‘ಕ್ಯಾಲೊಮೆಲ್’ ಅಥವಾ ‘ಮರ್ಕ್ಯುರಸ್ ಕ್ಲೋರೈಡ್’ ಎಂದಿದ್ದರೆ, ಇಲ್ಲವೇ ಒಳಗೇನಿದೆ ಎಂಬ ವಿವರವೇ ಇಲ್ಲದಿದ್ದರೆ, ಹಚ್ಚಬಾರದು. ಪಾದರಸ ಮೂತ್ರಪಿಂಡವನ್ನೂ ನರಮಂಡಲವನ್ನೂ ಕೆಡಿಸುತ್ತದೆ. ಹಚ್ಚಿಕೊಂಡವರಿಗೆ ಮಾತ್ರವಲ್ಲ, ಅವರ ಟವೆಲು ದಿಂಬುಗಳ ಮೂಲಕ ಮನೆಯ ಮಕ್ಕಳಿಗೂ. 2019ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಹೀಗೆ ಕಲಬೆರಕೆಯಾದ ಮುಖದ ಕ್ರೀಮು ಬಳಸಿದ ಮಹಿಳೆಯೊಬ್ಬರು ಪಾದರಸದ ವಿಷದಿಂದ ಪ್ರಜ್ಞೆ ತಪ್ಪುವ ಸ್ಥಿತಿಗೆ ತಲುಪಿದ್ದನ್ನು ಅಲ್ಲಿನ ಆರೋಗ್ಯಾಧಿಕಾರಿಗಳು ಪ್ರಕಟಿಸಿ ಎಚ್ಚರಿಸಿದ್ದರು.

ಸೂಚನಾಪತ್ರದ ಒಂದು ಸಾಲಿನಿಂದ ಪಾದರಸದವರೆಗೆ ಹೋದಿರಲ್ಲ, ಇದು ಅತಿಯಾಯಿತು ಎನ್ನುವವರಿದ್ದಾರೆ. ಈ ದಾರಿಯನ್ನು ನಾವು ಕಲ್ಪಿಸಿಕೊಂಡದ್ದಲ್ಲ. ಒಂಬತ್ತು ವರ್ಷದ ಹುಡುಗಿಗೆ ‘ನಿನ್ನ ಬಣ್ಣ ವೇದಿಕೆಗೆ ಸಾಲದು’ ಎಂದು ಹೇಳಿದವರು, ಹದಿನಾರನೆಯ ವಯಸ್ಸಿನಲ್ಲಿ ಅವಳು ಗುಟ್ಟಾಗಿ ಯಾವ ಕ್ರೀಮು ತರಿಸಿಕೊಂಡಳೆಂದು ಆಶ್ಚರ್ಯಪಡಬಾರದು. ಕಾರ್ಯಕ್ರಮಕ್ಕೆ ಕಪ್ಪಾಗಿ ಕಾಣುತ್ತೇನೆಂದು ಜೂನ್ ತಿಂಗಳಲ್ಲೇ ಈಜಿನ ತರಗತಿ ಬಿಟ್ಟ, ಟೆನಿಸ್ ಬಿಟ್ಟ ಹುಡುಗಿಯರು ನಮ್ಮ ಸದಸ್ಯ ಕುಟುಂಬಗಳಲ್ಲೇ ಇದ್ದಾರೆ. ಗಂಡುಮಕ್ಕಳಿಗೆ ಈ ನಿಯಮ ಸಡಿಲವೆಂಬುದನ್ನೂ ಗಮನಿಸಬೇಕು. ಅವರು ಇಡೀ ಬೇಸಿಗೆ ಕ್ರಿಕೆಟ್ ಆಡಿ ಇದ್ದಿಲಿನಂತಾದರೂ ಯಾರ ತಾಯಿಯೂ ನಮ್ಮ ಮೇಜಿಗೆ ಬಂದಿಲ್ಲ.

ಎಲ್ಲ ಮಕ್ಕಳೂ ಒಂದೇ ರೀತಿ ಕಾಣಬೇಕಲ್ಲವೇ ಎಂಬುದು ನೃತ್ಯ ಕಲಿಸುವ ಸ್ವಯಂಸೇವಕರ ವಾದ. ಅವರ ಶ್ರಮದ ಬಗ್ಗೆ ನಮಗೆ ಗೌರವವಿದೆ. ಆದರೆ ಒಂದೇ ರೀತಿ ಕಾಣಬೇಕಾದದ್ದು ಹೆಜ್ಜೆ, ಉಡುಗೆ, ಮುದ್ರೆ. ಮೂವತ್ತು ಮನೆಗಳ ಮಕ್ಕಳಿಗೆ ಮೂವತ್ತು ಮೈಬಣ್ಣ ಇರುವುದು ಸಹಜ. ಎಲ್ಲರಿಗೂ ಒಂದೇ ಡಬ್ಬಿ, ಒಂದೇ ಸ್ಪಂಜು ಬಳಸುವುದರಿಂದ ಕಣ್ಣುಬೇನೆ, ಬಾಯಿಹುಣ್ಣು, ಇಂಪಿಟೈಗೋ ಎಂಬ ಚರ್ಮದ ಸೋಂಕು ಒಬ್ಬರಿಂದೊಬ್ಬರಿಗೆ ಹಬ್ಬುತ್ತವೆಂಬುದು ಬೇರೆಯೇ ಮಾತು.

ಆದ್ದರಿಂದ ನಮ್ಮ ಕೋರಿಕೆ ಹೀಗಿದೆ. ತಿಳಿಛಾಯೆಯ ಸಾಲನ್ನು ತೆಗೆದು, ಮಗುವಿನ ಈಗಿನ ಮೈಬಣ್ಣಕ್ಕೆ ಹೊಂದುವ ಫೌಂಡೇಶನ್ ಬೇಕಿದ್ದರೆ ತರಬಹುದು ಎಂದು ಬರೆಯಬೇಕು. ಹತ್ತು ವರ್ಷದೊಳಗಿನ ಮಕ್ಕಳಿಗೆ ಅದೂ ಬೇಡ. ಕಾಡಿಗೆ, ಬೊಟ್ಟು, ತುಟಿಗೆ ಬಣ್ಣ ಸಾಕು. ಪ್ರತಿ ಮಗುವೂ ತನ್ನದೇ ಸ್ಪಂಜು ತರಲಿ. ಸ್ಮರಣ ಸಂಚಿಕೆಗೆ ಹೋಗುವ ಚಿತ್ರಗಳಲ್ಲಿ ಮುಖ ತಿಳಿಮಾಡುವ ಫಿಲ್ಟರು ಹಾಕಬಾರದೆಂದು ಸಂಪಾದಕ ಮಂಡಳಿ ಛಾಯಾಗ್ರಾಹಕರಿಗೆ ತಿಳಿಸಲಿ. ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಇಡಬೇಕೆಂದು ಲಿಖಿತವಾಗಿ ಕೇಳಿದ್ದೇವೆ. ಒಪ್ಪದವರು ದಯವಿಟ್ಟು ಸಭೆಗೆ ಬಂದು ಮುಖಾಮುಖಿ ವಾದಿಸಿ. ವಾಟ್ಸಾಪ್ ಗುಂಪಿನಲ್ಲಿ ಬೇಡ.

ಸಂಘ ಒಪ್ಪಿದರೆ ನಾಲ್ಕೈದು ಗಾಢ ಛಾಯೆಗಳ ಪೆಟ್ಟಿಗೆಯೊಂದನ್ನು ನಾವೇ ಕೊಂಡು ತರುತ್ತೇವೆ. ಪೂರ್ವಾಭ್ಯಾಸದ ದಿನ ಮಧ್ಯಾಹ್ನ ಎರಡು ಗಂಟೆಗೆ ಸಭಾಂಗಣದ ಹೊರಜಗುಲಿಯಲ್ಲಿ, ಹಗಲ ಬೆಳಕಿನಲ್ಲಿ, ಮಕ್ಕಳ ದವಡೆಗೆ ಹೊಂದಿಸಿ ನೋಡಬಹುದು. ಕೈಗನ್ನಡಿಯೂ ನಮ್ಮಲ್ಲಿದೆ. ಊರಿನಿಂದ ಬಂದ ಟ್ಯೂಬುಗಳ ಬಗ್ಗೆ ಅನುಮಾನವಿರುವವರು ಅವನ್ನೂ ಜೊತೆಗೆ ತನ್ನಿ. ಹಣೆಪಟ್ಟಿ ಓದಿ ಹೇಳುತ್ತೇವೆ, ಯಾರಿಗೂ ತಿಳಿಯದಂತೆ.